ಜೋಳದ ಬುಡದಲ್ಲಿ ರೊಟ್ಟಿ

ಎಳ್ಳಮಾವಾಸ್ಯೆಗೆ ಕಲಬುರಗಿಯಿಂದ ಆಳಂದ ತಾಲ್ಲೂಕಿನ ನಮ್ಮ ಹೊಲಕ್ಕೆ ಚರಗ ಚೆಲ್ಲಲು, ಎಂದರೆ ಭೂಮಿತಾಯಿಗೆ ಎಡೆ ಅರ್ಪಿಸಲು, ಹೋಗಿದ್ದೆವು. ಸಜ್ಜೆ ರೊಟ್ಟಿ, ಹಸಿಕಾಳು, ಸೊಪ್ಪು ಹಾಕಿದ ಭಜ್ಜಿ, ಅಂಬಲಿ, ಶೇಂಗಾ ಹೋಳಿಗೆ. ಈ ಭಜ್ಜಿಗಾಗಿ ಮಗಳು ಚಿಕ್ಕವಳಿದ್ದಾಗ ತಿಂಗಳ ಮೊದಲಿನಿಂದಲೇ ದಿನ ಎಣಿಸುತ್ತಿದ್ದಳು. ಈಗ ಹದಿನೈದು ವರ್ಷ. ರೊಟ್ಟಿಯನ್ನು ಉಗುರಿನಷ್ಟು ಚೂರು ಮಾಡಿ ತಟ್ಟೆಯ ಅಂಚಿಗೆ ಜೋಡಿಸುತ್ತ ಕುಳಿತಿದ್ದಳು. ಸ್ವಲ್ಪ ಹೊತ್ತಿಗೆ ತಟ್ಟೆ ಖಾಲಿಯಾಯಿತು. ನನ್ನ ಹೊಟ್ಟೆ ತಣ್ಣಗಾಯಿತು.

ಆಮೇಲೆ ಜೋಳದ ಸಾಲಿನಲ್ಲಿ ನಡೆಯುವಾಗ ಒಂದು ದಂಟಿನ ಬುಡದಲ್ಲಿ ಎರೆಮಣ್ಣು ಕೆದರಿದ್ದು ಕಂಡಿತು. ಕೆಳಗೆ ಅವಳ ಕರವಸ್ತ್ರ. ಅದರಲ್ಲಿ ಅದೇ ಚೂರುಗಳು, ಮುರಿಯದ ಹೋಳಿಗೆ.

ಅವಳು ಮೊದಲು ಸೋಮವಾರ ಉಪವಾಸ ಹಿಡಿದಳು, ಆಮೇಲೆ ಗುರುವಾರ, ಶನಿವಾರ. 'ಎಂಥ ನೇಮದ ಹುಡುಗಿ' ಎಂದು ಅತ್ತೆಯವರು ಹೊಗಳಿದಾಗ ನಾನೂ ಹಿಗ್ಗಿದ್ದೆ. ಇದನ್ನು ಬರೆಯುವಾಗಲೂ ಕರುಳು ಚುರ್ ಎನ್ನುತ್ತದೆ. ನಾಲ್ಕು ತಿಂಗಳು ಮುಟ್ಟು ನಿಂತಿತ್ತು, ಕೂದಲು ಉದುರುತ್ತಿತ್ತು. ಮುಂಗೈ ಮೇಲೆ ಕೂಸಿಗಿರುವಂಥ ನವಿರು ರೋಮ ಮೂಡಿತ್ತು. ಒಬ್ಬ ವೈದ್ಯರು ರಕ್ತ ಕಡಿಮೆ ಎಂದು ಟಾನಿಕ್ ಬರೆದು ಕಳಿಸಿದ್ದರು.

ಹೊಲದಿಂದ ಬಂದ ರಾತ್ರಿ 14416ಕ್ಕೆ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಗೆ, ಕರೆ ಮಾಡಿದೆ. ಆ ಕಡೆಯವರು ಕನ್ನಡದಲ್ಲಿ ಸಮಾಧಾನದಿಂದ ಕೇಳಿ, ತಡಮಾಡದೆ ತಜ್ಞರಿಗೆ ತೋರಿಸಿ ಎಂದರು. ಮರುದಿನ ಮನೋವೈದ್ಯರು ನಾಡಿ ಹಿಡಿದು ಎಣಿಸಿದರು: ನಿಮಿಷಕ್ಕೆ 44. ಅನ್ನವಿಲ್ಲದ ದೇಹ ಬಡಿತವನ್ನೂ ಉಳಿತಾಯ ಮಾಡುತ್ತದೆ, ಇದು ಹಠವಲ್ಲ, ತೂಕ ಏರುವ ಭಯದಿಂದ ಊಟ ಬಿಡಿಸುವ ಅನೊರೆಕ್ಸಿಯಾ ನರ್ವೋಸಾ ಎಂಬ ಕಾಯಿಲೆ ಎಂದರು. ಅಂದೇ ದಾಖಲಿಸಿಕೊಂಡರು. ಹಸಿದ ಮಗುವಿಗೆ ಹೊಟ್ಟೆ ತುಂಬ ಬಡಿಸಬೇಕೆಂದೇ ನಾನು ತಿಳಿದಿದ್ದೆ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಲೇ ಉಣಿಸಿದರೆ ರಕ್ತದಲ್ಲಿ ಫಾಸ್ಫೇಟ್ ಎಂಬ ಲವಣ ಕುಸಿದು ಹೃದಯಕ್ಕೇ ಅಪಾಯವಂತೆ. ಅದಕ್ಕೇ ದಿನವೂ ರಕ್ತಪರೀಕ್ಷೆ ಮಾಡುತ್ತ ತುಸುತುಸುವೇ ಹೆಚ್ಚಿಸಿದರು.

ಮನೆಗೆ ಬಂದ ಮೇಲೆ ಏನು, ಎಷ್ಟು ಉಣ್ಣಬೇಕೆಂಬುದನ್ನು ಕೆಲಕಾಲ ನಾವೇ ತೀರ್ಮಾನಿಸಬೇಕಿತ್ತು. ಬೈಯಬಾರದು, ತೂಕದ ಮಾತು ಎತ್ತಬಾರದು, ಉಂಡು ಮುಗಿಯುವವರೆಗೆ ಪಕ್ಕದಲ್ಲಿರಬೇಕು. ಮೊದಲ ವಾರ ಅವಳು ತಟ್ಟೆ ತಳ್ಳಿ ಅತ್ತಳು. ಅವಳ ಅಪ್ಪ ಅಂಗಡಿ ಬೇಗ ಮುಚ್ಚಿ ಬಂದು ಎದುರಿಗೆ ಕೂರುತ್ತಿದ್ದರು. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ಊರಿನಲ್ಲಿ ಸ್ವಂತ ಮಗಳಿಗೆ ಅರ್ಧ ರೊಟ್ಟಿ ಉಣಿಸಲು ಒಂದೂಕಾಲು ಗಂಟೆ ಹಿಡಿಯುತ್ತಿತ್ತು.

ನಿನ್ನೆ ರಾತ್ರಿ ಒಲೆಯ ಮೇಲಿನ ಹಾಲು ಉಕ್ಕಿತೆಂದು ನಾನು ಎದ್ದೆ. ಅವಳು ಸೆರಗು ಹಿಡಿದಳು.

'ಹೋಗಬೇಡ ಅವ್ವ, ನನ್ನದಿನ್ನೂ ಮುಗಿದಿಲ್ಲ.'