ಮೀನು 42, ಮೋಡ 38

ಕ್ಲಾಸ್ ಮುಗಿದ ಮೇಲೆ ಕಣ್ಣು ಕಾಣಿಸದ ನನ್ನ ವಿದ್ಯಾರ್ಥಿನಿಯೊಬ್ಬಳು ನನ್ನ ಮೇಜಿನ ಹತ್ತಿರ ಬಂದು, ಇಯರ್‌ಫೋನಿನ ಒಂದು ಎಳೆಯನ್ನು ನನ್ನ ಕಡೆ ಚಾಚಿದಳು. "ಮೇಡಂ, ಒಂದ್ ನಿಮಿಷ ಕೇಳ್ತೀರಾ? ನೀವು ಹಾಕಿರೋ ನೋಟ್ಸ್."

ಕಿವಿಗೆ ಹಾಕಿಕೊಂಡೆ. ಲ್ಯಾಪ್‌ಟಾಪ್ "ಬ್ಲಾಂಕ್" ಅಂದಿತು. ಅವಳು ಕೆಳಗಿನ ಬಾಣದ ಕೀ ಒತ್ತಿದಳು. "ಬ್ಲಾಂಕ್." ಮತ್ತೆ ಒತ್ತಿದಳು. "ಬ್ಲಾಂಕ್."

ಅವಳ ಕಂಪ್ಯೂಟರೇ ಕೆಟ್ಟಿದೆ ಅಂದುಕೊಂಡೆ. ನನ್ನ ಕಣ್ಣ ಮುಂದೆ 38 ಪುಟ ತುಂಬಾ ಅಕ್ಷರ ಇದೆಯಲ್ಲ! ಆಮೇಲೆ ಹೊಳೆಯಿತು. ಅದು ನಾನೇ ಸ್ಕ್ಯಾನ್ ಮಾಡಿದ್ದ ಪಿಡಿಎಫ್. ಅದರಲ್ಲಿ ಇದ್ದದ್ದು ಅಕ್ಷರ ಅಲ್ಲ, ಅಕ್ಷರದ ಫೋಟೋ. ಕಣ್ಣಿಗೆ ಎರಡೂ ಒಂದೇ. ಓದಿ ಹೇಳುವ ಸಾಫ್ಟ್‌ವೇರಿಗೆ ಮಾತ್ರ ಅಲ್ಲಿ ಏನೂ ಇಲ್ಲ.

ನಾನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಅದೇ ನೋಟ್ಸನ್ನು ಹಲವು ವರ್ಷದಿಂದ ಹಾಕುತ್ತಾ ಬಂದಿದ್ದೆ. ಯಾರೂ ಏನೂ ಹೇಳಿರಲಿಲ್ಲ. ಅವಳಿಗಿಂತ ಮುಂಚೆ ಯಾರಿಗೂ ತೊಂದರೆ ಆಗಿರಲಿಲ್ಲವೋ, ಅಥವಾ ತೊಂದರೆ ಆದವರು ನನ್ನ ಹತ್ತಿರ ಬರಲೇ ಇಲ್ಲವೋ. ಎರಡನೆಯದೇ ಇರಬೇಕು ಅಂತ ಈಗ ಅನ್ನಿಸುತ್ತದೆ.

ಸರಿ, ನಿನಗೆ ಬೇರೆ ಫೈಲ್ ಮಾಡಿಸಿ ಕೊಡ್ತೀನಿ ಅಂದೆ. ಅದಕ್ಕೊಂದು ಅರ್ಜಿ, ಒಂದು ಸಹಿ, ಒಂದು ಕಚೇರಿ. ಫೈಲ್ ಬಂದಿದ್ದು ಮೂರು ವಾರದ ಮೇಲೆ. ಅಷ್ಟರಲ್ಲಿ ಕ್ಲಾಸ್ ಎರಡು ಯೂನಿಟ್ ಮುಂದೆ ಹೋಗಿತ್ತು, ಒಂದು ಟೆಸ್ಟೂ ಮುಗಿದಿತ್ತು. ಕೊಟ್ಟಾಗ ಅವಳು ಥ್ಯಾಂಕ್ಸ್ ಅಂದಳು, ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಮೇಡಂ, ನನಗೆ ಬೇರೆ ನೋಟ್ಸ್ ಬೇಡ. ಎಲ್ಲರಿಗೂ ಸಿಗೋ ದಿನವೇ ನನಗೂ ಸಿಕ್ಕಿದ್ರೆ ಸಾಕು."

ಅವತ್ತು ರಾತ್ರಿ ಎನ್‌ವಿಡಿಎ ಇಳಿಸಿಕೊಂಡೆ. ಅವಳು ಬಳಸುವ ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್, ಅದೇ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆ ಜೊತೆಗೂಡಿದರು, ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ಸಾಫ್ಟ್‌ವೇರ್ ಪೂರ್ತಿ ಉಚಿತ. ಮಾನಿಟರ್ ಆರಿಸಿ, ನನ್ನದೇ ಕೋರ್ಸ್ ಪೇಜ್ ತೆರೆದು, ಮೂರನೇ ಯೂನಿಟ್‌ನ ಅಸೈನ್‌ಮೆಂಟ್ ಹುಡುಕಲು ಕೂತೆ. ಇಪ್ಪತ್ತು ನಿಮಿಷ ಆದರೂ ಸಿಗಲಿಲ್ಲ. "ಕ್ಲಿಕ್ ಹಿಯರ್, ಲಿಂಕ್. ಕ್ಲಿಕ್ ಹಿಯರ್, ಲಿಂಕ್." ಹನ್ನೊಂದು ಕಡೆ ಹಾಗೆ ಬರೆದಿದ್ದೆ. ಯಾವುದು ಎಲ್ಲಿಗೆ ಹೋಗುತ್ತದೋ ದೇವರೇ ಬಲ್ಲ.

ಎನ್‌ವಿಡಿಎಯಲ್ಲಿ ವೆಬ್ ಪುಟ ಓದುವಾಗ ಎಚ್ ಕೀ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರುತ್ತದೆ. ನಾವು ಕಣ್ಣಾಡಿಸುವುದಕ್ಕೆ ಅದು ಸಮ. ನನ್ನ ಪೇಜಿನಲ್ಲಿ ಒತ್ತಿದರೆ ಮುಂದೆ ಶೀರ್ಷಿಕೆಯೇ ಇಲ್ಲ ಅಂತು. ಇತ್ತಲ್ಲ! ದಪ್ಪಕ್ಷರ ಮಾಡಿ, ಗಾತ್ರ ದೊಡ್ಡದು ಮಾಡಿ, ನೀಲಿ ಬಣ್ಣವನ್ನೂ ಹಾಕಿದ್ದೆ. ಆದರೆ ಇದು ಶೀರ್ಷಿಕೆ ಅಂತ ಕಂಪ್ಯೂಟರಿಗೆ ಹೇಳಿರಲಿಲ್ಲ. ವರ್ಡ್‌ನಲ್ಲಿ 'ಹೆಡಿಂಗ್ 1', 'ಹೆಡಿಂಗ್ 2' ಅಂತ ಇರುವ ಸ್ಟೈಲುಗಳು ಇರುವುದೇ ಅದಕ್ಕೆ. ಅಷ್ಟು ವರ್ಷ ಅವು ಅಲಂಕಾರಕ್ಕೆ ಅಂದುಕೊಂಡಿದ್ದೆ.

ಹಳೆಯ ಕನ್ನಡ ನೋಟ್ಸಿನ ಕಥೆ ಇನ್ನೂ ಚೆನ್ನಾಗಿದೆ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಬರುವ ಮುಂಚಿನ ಫಾಂಟಿನಲ್ಲಿ ಟೈಪ್ ಮಾಡಿದ್ದು. ಪರದೆ ಮೇಲೆ ಮುದ್ದಾದ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ, ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ ಅಷ್ಟೆ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. ಎರಡು ಸಾಲು ಕೇಳಿ ನಿಲ್ಲಿಸಿದೆ. ಎಲ್ಲವನ್ನೂ ಕನ್ವರ್ಟ್ ಮಾಡಿ, ಒತ್ತಕ್ಷರ ತಿದ್ದಿ ಮುಗಿಸುವಾಗ ಒಂದು ರಜೆ ಪೂರ್ತಿ ಹೋಯಿತು.

ಫೈಲ್ ಸರಿ ಮಾಡುವುದು ಬೇಸರದ ಕೆಲಸ ನಿಜ, ಕಷ್ಟದ್ದಲ್ಲ. ನನಗೆ ಕಷ್ಟ ಆಗಿದ್ದು ಬಾಯಿ. ಬೋರ್ಡಿನ ಮುಂದೆ ನಿಂತು ನಾನು ಏನು ಮಾತಾಡುತ್ತೇನೆ ಅಂತ ಒಂದು ಕ್ಲಾಸ್ ರೆಕಾರ್ಡ್ ಮಾಡಿ ಕೇಳಿದೆ. "ಇದನ್ನ ಇಲ್ಲಿಂದ ಕಳೀರಿ, ಬಂದಿದ್ದನ್ನ ಸ್ಕ್ವೇರ್ ಮಾಡಿ, ಅದನ್ನ ಇದರಿಂದ ಭಾಗಿಸಿ." ಇದು, ಅದು, ಇಲ್ಲಿ, ಅಲ್ಲಿ. ಒಂದು ಗಂಟೆ ಬೆರಳೇ ಪಾಠ ಮಾಡಿತ್ತು.

ಹೆಸರಿಟ್ಟು ಹೇಳಿದರೂ ಸಾಲದು. "ಎ ಪ್ಲಸ್ ಬಿ ಬೈ ಸಿ" ಅಂತ ಹೇಳಿ ನೋಡಿ. ಎ ಮತ್ತು ಬಿ ಎರಡನ್ನೂ ಕೂಡಿಸಿ ಸಿಯಿಂದ ಭಾಗಿಸಬೇಕೋ, ಬಿಯನ್ನು ಮಾತ್ರ ಭಾಗಿಸಿ ಎಗೆ ಕೂಡಿಸಬೇಕೋ? ನೋಡುವವರಿಗೆ ಗೆರೆ ಎಷ್ಟು ಉದ್ದ ಇದೆ ಅನ್ನುವುದೇ ಉತ್ತರ. ಕೇಳುವವರಿಗೆ ಗೆರೆ ಇಲ್ಲ. ಈಗ ನಾನು "ಮೇಲೆ ಎ ಪ್ಲಸ್ ಬಿ, ಮೇಲಿನದು ಮುಗೀತು, ಕೆಳಗೆ ಸಿ" ಅಂತ ಹೇಳುತ್ತೇನೆ. ಮೊದಲ ವಾರ ಹುಡುಗರು ಮುಸಿಮುಸಿ ನಕ್ಕರು. ನಗಲಿ. ನೋಟ್ಸಿನಲ್ಲೂ ಸೂತ್ರಗಳ ಚಿತ್ರ ಅಂಟಿಸುವುದು ಬಿಟ್ಟೆ. ಈಕ್ವೇಶನ್ ಎಡಿಟರಿನಲ್ಲಿ ಬರೆದು, ವೆಬ್ ಪುಟದಲ್ಲಿ ಸೂತ್ರದ ರಚನೆಯನ್ನೂ ಕಂಪ್ಯೂಟರಿಗೆ ತಿಳಿಸುವ ಮ್ಯಾಥ್‌ಎಂಎಲ್ ಆಗಿ ಹಾಕುತ್ತೇನೆ. ಅವಳು ಭಾಗ ಭಾಗವಾಗಿ ಒಳಹೊಕ್ಕು ಓದಿಕೊಳ್ಳಬಹುದು.

ಗ್ರಾಫುಗಳಿಗೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ವಿವರಣೆ, ಬರೆಯುವಾಗ ಮೊದಲು "ಸ್ಕ್ಯಾಟರ್ ಪ್ಲಾಟ್" ಅಂತ ಬರೆದು ಕೈ ತೊಳೆದುಕೊಂಡಿದ್ದೆ. ಅದು ಮನೆ ಬಾಗಿಲಿಗೆ 'ಬಾಗಿಲು' ಅಂತ ಬರೆದ ಹಾಗೆ, ಅಲ್ವಾ? ಆಮೇಲೆ ಆ ಗ್ರಾಫನ್ನು ಅಲ್ಲಿ ಯಾಕೆ ಹಾಕಿದ್ದೀನಿ ಅಂತ ಕೇಳಿಕೊಂಡು ಬರೆಯಲು ಶುರು ಮಾಡಿದೆ. "40 ಬಿಂದು. ಎಡದಿಂದ ಬಲಕ್ಕೆ ಏರುತ್ತಾ ಹೋಗುತ್ತವೆ. ಒಂದು ಬಿಂದು ಮಾತ್ರ ಕೆಳಗೆ ಬಲ ಮೂಲೆಯಲ್ಲಿ ಒಂಟಿಯಾಗಿದೆ." ಎರಡು ಗ್ರಾಫಿಗೆ ಹೇಳಲು ಏನೂ ಸಿಗಲಿಲ್ಲ. ಅವನ್ನು ತೆಗೆದೇ ಹಾಕಿದೆ.

ಪರೀಕ್ಷೆಯಲ್ಲಿ ಇದೇ ವಿವರಣೆ ಕುತ್ತಿಗೆಗೆ ಬರುತ್ತದೆ. "ಗ್ರಾಫ್ ನೋಡಿ ಗುಂಪಿಗೆ ಸೇರದ ಬಿಂದು ಗುರುತಿಸಿ" ಅಂತ ಪ್ರಶ್ನೆ ಇದ್ದರೆ ಆಲ್ಟ್ ಟೆಕ್ಸ್ಟಿನಲ್ಲಿ ಏನು ಬರೆಯುವುದು? ಪೂರ್ತಿ ಬರೆದರೆ ಉತ್ತರವೇ ಬಂತು. ಬರೆಯದಿದ್ದರೆ ಪ್ರಶ್ನೆಯೇ ಇಲ್ಲ. ಕೊನೆಗೆ ಗ್ರಾಫಿನ ಜೊತೆ ಅದರ ಅಂಕಿಗಳ ಟೇಬಲ್ ಕೊಟ್ಟೆ, ಎಲ್ಲರಿಗೂ. ಆನ್‌ಲೈನ್ ಕ್ವಿಜ್‌ಗೆ ಅವಳಿಗೆ ಹೆಚ್ಚಿನ ಸಮಯವನ್ನೂ ಹಾಕಿದೆ. ಕ್ವಿಜ್ ನಡೆಸುವ ಮೂಡಲ್ ಸಾಫ್ಟ್‌ವೇರಿನಲ್ಲಿ ಒಬ್ಬೊಬ್ಬರಿಗೆ ಬೇರೆ ಸಮಯ ಕೊಡುವ ಸೌಲಭ್ಯ ಇದೆ, ಎರಡು ನಿಮಿಷದ ಕೆಲಸ. ಸಹೋದ್ಯೋಗಿ ಒಬ್ಬರು "ಹಾಗಾದ್ರೆ ಉಳಿದವರಿಗೆ ಅನ್ಯಾಯ ಅಲ್ವೇನ್ರೀ" ಅಂದರು. ಒಂದು ಟೇಬಲನ್ನು ಒಂದೊಂದೇ ಕೋಶ ಕೇಳಿಸಿಕೊಂಡು ಹೋಗಿ, ನಾಲ್ಕನೇ ಸಾಲು ಮರೆತರೆ ಮತ್ತೆ ಮೇಲಿಂದ ಬನ್ನಿ, ಆಮೇಲೆ ಮಾತಾಡೋಣ ಅಂದೆ. ಅವರು ಕೂತು ಕೇಳಲಿಲ್ಲ. ವಾದ ಮಾಡುವವರು ಯಾರೂ ಕೂತು ಕೇಳುವುದಿಲ್ಲ, ಇದು ನನ್ನ ಅನುಭವ.

ಬಣ್ಣದ ವಿಷಯ ಬೇಗ ಮುಗಿಯಿತು. ವೆಬ್ ಪುಟ ಎಲ್ಲರಿಗೂ ಬಳಸಲು ಬರಬೇಕು ಅಂತ ಡಬ್ಲ್ಯುಸಿಎಜಿ ಅನ್ನುವ ಮಾರ್ಗಸೂಚಿ ಇದೆ, 2008ರಿಂದ ಅದರಲ್ಲಿ ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು ಅಂತಿದೆ. ಬಿಳಿ ಮೇಲೆ ತಿಳಿ ಬೂದು ಅಕ್ಷರದ ನನ್ನ ಪ್ರೀತಿಯ ಸ್ಲೈಡ್ ಟೆಂಪ್ಲೇಟ್ 3 ಕೂಡ ಮುಟ್ಟಲಿಲ್ಲ. ಕೆಂಪು ಗೆರೆ, ಹಸಿರು ಗೆರೆ ಅಂತ ಇದ್ದಲ್ಲಿ, ಆ ಬಣ್ಣಗಳ ವ್ಯತ್ಯಾಸ ಕಾಣಿಸದವರಿಗಾಗಿ, ಒಂದನ್ನು ಚುಕ್ಕಿ ಗೆರೆ ಮಾಡಿದೆ.

ಮರು ವರ್ಷ ಕಿವಿ ಕೇಳಿಸದ ಹುಡುಗನೊಬ್ಬ ಸೇರಿದ. ನಾನು ಎಲ್ಲ ಕಲಿತುಬಿಟ್ಟಿದ್ದೀನಿ ಅನ್ನುವ ಜಂಬದಲ್ಲಿದ್ದೆ. ರೆಕಾರ್ಡ್ ಮಾಡಿದ ಪಾಠಗಳಿಗೆ ತಾನಾಗಿಯೇ ಬರುವ ಕ್ಯಾಪ್ಷನ್ ಆನ್ ಮಾಡಿ ಕಳಿಸಿದೆ. ಅವನಿಂದ ಒಂದು ಸ್ಕ್ರೀನ್‌ಶಾಟ್ ಬಂತು, ಕೆಳಗೆ ಮೂರು ಪ್ರಶ್ನಾರ್ಥಕ ಚಿಹ್ನೆ. ನಾನು ಹೇಳಿದ್ದು "ಮೀನ್ 42, ಮೋಡ್ 38", ಅಂದರೆ ಸರಾಸರಿ 42, ಅತಿ ಹೆಚ್ಚು ಸಲ ಬಂದ ಅಂಕಿ 38. ಬಂದಿದ್ದು "ಮೀನು 42, ಮೋಡ 38".

ನಕ್ಕು ನಕ್ಕು ಸಾಕಾಯಿತು. ಆಮೇಲೆ ಆ ವಿಡಿಯೋ ಪೂರ್ತಿ ನೋಡಿದೆ. ಇಪ್ಪತ್ತು ನಿಮಿಷ ಉದ್ದಕ್ಕೂ ಅಂಕಿಗಳು ಮೀನಿನ ಸುತ್ತ ಹರಡಿಕೊಂಡಿದ್ದವು. ಪರಿಭಾಷೆ ಗೊತ್ತಿರುವವರಿಗೆ ಇದು ತಮಾಷೆ. ಅದನ್ನೇ ಮೊದಲ ಸಲ ಕಲಿಯುತ್ತಿರುವವನು ಏನು ಮಾಡಬೇಕು? ಆ ಒಂದು ವಿಡಿಯೋದ ಕ್ಯಾಪ್ಷನ್ ತಿದ್ದಲು ಒಂದೂವರೆ ಗಂಟೆ ಹಿಡಿಯಿತು. ಇನ್ನು ಕ್ಲಾಸಿನಲ್ಲಿ ಬೋರ್ಡಿಗೆ ಮುಖ ಮಾಡಿ ಮಾತಾಡುವ ಚಟ. ಅವನು ತುಟಿ ನೋಡಿ ಅರ್ಥ ಮಾಡಿಕೊಳ್ಳುವವನು. ಬರೆಯುವಾಗ ಬಾಯಿ ಮುಚ್ಚು, ತಿರುಗಿ ನಿಂತು ಮಾತಾಡು ಅಂತ ಬೋರ್ಡಿನ ಮೂಲೆಯಲ್ಲಿ ಒಂದು ಸಣ್ಣ ಬಾಣ ಬರೆದಿಟ್ಟುಕೊಂಡಿದ್ದೀನಿ. ಒಮ್ಮೊಮ್ಮೆ ಬಾಣವನ್ನೇ ಒರೆಸಿಬಿಡುತ್ತೇನೆ.

ಈಗಲೂ ತಪ್ಪುತ್ತೇನೆ. ಹೋದ ತಿಂಗಳು ಆತುರದಲ್ಲಿ ಬೋರ್ಡಿನ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ಅವಳಿಂದ ಒಂದೇ ಪದ ಬಂತು: "ಬ್ಲಾಂಕ್." ಕೂತು ಟೈಪ್ ಮಾಡಿ ಅವತ್ತೇ ಕಳಿಸಿದೆ.

ಮೊನ್ನೆ ಮತ್ತೊಂದು ಮೆಸೇಜ್. "ಮೇಡಂ, ಐದನೇ ಯೂನಿಟ್‌ನ ಹಿಸ್ಟೋಗ್ರಾಂ ಆಲ್ಟ್ ಟೆಕ್ಸ್ಟಿನಲ್ಲಿ ಬಾಲ ಎಡಕ್ಕೆ ಚಾಚಿದೆ ಅಂತಿದೆ. ಟೇಬಲಿನಲ್ಲಿ ಮೀನ್ 52, ಮೀಡಿಯನ್ 47. ಬಾಲ ಬಲಕ್ಕೆ ಇರಬೇಕಲ್ವಾ?" ಸರಾಸರಿಯು ಮೀಡಿಯನ್‌ಗಿಂತ, ಅಂದರೆ ಸಾಲಾಗಿ ಜೋಡಿಸಿದಾಗ ನಡುವೆ ಬರುವ ಅಂಕಿಗಿಂತ, ದೊಡ್ಡದಿದ್ದರೆ ಸಾಮಾನ್ಯವಾಗಿ ಬಾಲ ಬಲಕ್ಕೆ. ಚಿತ್ರ ತೆರೆದು ನೋಡಿದೆ. ಬಲಕ್ಕೇ ಇತ್ತು. ತಿದ್ದಿ ಹಾಕಿದ್ದೀನಿ. ಆರನೇ ಯೂನಿಟ್‌ನ ಒಂಬತ್ತು ಚಿತ್ರ ಇನ್ನೂ ಬಾಕಿ ಇವೆ. ಸೋಮವಾರ ಬೆಳಿಗ್ಗೆ ಕ್ಲಾಸು.