ವಿದಾಯದ ಪುಟ ಕಟ್ಟುವಾಗ ಸಿಟ್ಟಿನ ಪತ್ರವನ್ನು ಮೊದಲು ಓದಿ

ದೊಡ್ಡ ಆಟಗಾರನ ವಿದಾಯ ಲೇಖನ, ಆತ ವಿದಾಯ ಹೇಳುವ ಮೊದಲೇ ಅರ್ಧ ಬರೆದು ಮುಗಿದಿರುತ್ತದೆ. ಪತ್ರಿಕೆಯ ಕ್ರೀಡಾ ಡೆಸ್ಕ್‌ನಲ್ಲಿ ಕೂತವರಿಗೆಲ್ಲ ಇದು ಗೊತ್ತು. ಮೂವತ್ತೈದು ದಾಟಿದವರ ಹೆಸರಿನಲ್ಲಿ ಒಂದೊಂದು ಕಡತ ಇಟ್ಟಿರುತ್ತೇವೆ: ಆಡಿದ ತಂಡಗಳು, ಒಟ್ಟು ಅಂಕ, ಪ್ರಶಸ್ತಿಗಳು, ಒಂದೆರಡು ಹಳೆಯ ಫೋಟೊ. ಸುದ್ದಿ ಬಂದ ದಿನ ಮೇಲೊಂದು ಪ್ಯಾರಾ, ಕೆಳಗೊಂದು ಪ್ಯಾರಾ ಸೇರಿಸಿದರೆ ಪುಟ ಮುದ್ರಣಕ್ಕೆ ಹೋಗುತ್ತದೆ. ಇಂಥ ಲೇಖನದಲ್ಲಿ ತಪ್ಪು ಹುಡುಕುವುದು ಕಷ್ಟ. ಓದಿದ್ದನ್ನು ಮರುದಿನ ನೆನಪಿಟ್ಟುಕೊಳ್ಳುವುದು ಇನ್ನೂ ಕಷ್ಟ. ಎಲ್ಲರೂ ಯುಗಪುರುಷರು, ಎಲ್ಲರೂ ಯುವಜನರಿಗೆ ಸ್ಫೂರ್ತಿ, ಎಲ್ಲರ ನಿರ್ಗಮನವೂ ತುಂಬಲಾರದ ನಷ್ಟ. ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ಮನುಷ್ಯನ ಬಗ್ಗೆ ‘ತುಂಬಲಾರದ ನಷ್ಟ’ ಎಂದು ಬರೆಯಬೇಡಿ ಎಂದು ಹೊಸಬರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ.

ಈ ಕೆಲಸ ನನಗೆ ಕಲಿಸಿದ್ದನ್ನು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ವಿನ್ಸ್ ಕಾರ್ಟರ್ ಅವರ ಕಡತವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಆಟಗಾರನೊಬ್ಬ ಏನು ಬಿಟ್ಟುಹೋದ ಎಂದು ತಿಳಿಯಬೇಕಾದರೆ, ಅವನ ಮೇಲೆ ಮುನಿಸಿಕೊಂಡು, ಮಾತು ಬಿಟ್ಟು, ಮತ್ತೆ ಹತ್ತಿರ ಬಂದ ಅಭಿಮಾನಿಯಷ್ಟು ಒಳ್ಳೆಯ ಸಾಕ್ಷಿ ಇನ್ನೊಬ್ಬನಿಲ್ಲ.

ಕಾರ್ಟರ್ ಅಮೆರಿಕ-ಕೆನಡಾದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ 22 ಋತು ಆಡಿದರು, ಎಂಟು ತಂಡಗಳಿಗೆ. ತೊಂಬತ್ತರ ದಶಕದಿಂದ ಹಿಡಿದು ನಾಲ್ಕು ದಶಕಗಳಲ್ಲಿ ಆಡಿದ ಮೊದಲಿಗರು ಅವರೇ. ಒಟ್ಟು 25,728 ಅಂಕ, ಎಂಟು ಬಾರಿ ಆಲ್ ಸ್ಟಾರ್ (ಲೀಗ್‌ನ ಆಯ್ದ ತಾರೆಯರ ವಾರ್ಷಿಕ ಪಂದ್ಯಕ್ಕೆ ಆಯ್ಕೆ), ಒಂದೂ ಚಾಂಪಿಯನ್‌ಷಿಪ್ ಇಲ್ಲ. ಕಡತದ ಲೆಕ್ಕ ಇಷ್ಟು. ಈ ಲೆಕ್ಕವನ್ನೇ ತಲೆಬರಹಕ್ಕೆ ಏರಿಸಬೇಕೆನ್ನುವ ಆಸೆ ಡೆಸ್ಕ್‌ನಲ್ಲಿ ಯಾರಿಗಾದರೂ ಬಂದೇ ಬರುತ್ತದೆ: ‘ಕಿರೀಟವಿಲ್ಲದ ದೊರೆಯ ನಿರ್ಗಮನ.’ ಪದ ಚೆನ್ನಾಗಿ ಕೂರುತ್ತದೆ, ಕಾಲಂ ಅಳತೆಗೂ ಸರಿಹೋಗುತ್ತದೆ. ಆದರೆ ಅವರ ಆಟ ಕಂಡವರನ್ನು ಕೇಳಿದರೆ ಕಿರೀಟದ ಮಾತು ಬಹಳ ಹೊತ್ತಾದ ಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ಅವರ ಕೊನೆಯ ಪಂದ್ಯವೇ ವಿಚಿತ್ರವಾಗಿ ಮುಗಿಯಿತು. 2020ರ ಮಾರ್ಚ್ 11, ಅಟ್ಲಾಂಟಾ ಹಾಕ್ಸ್ ಮತ್ತು ನ್ಯೂಯಾರ್ಕ್ ನಿಕ್ಸ್ ಮುಖಾಮುಖಿ. ಆಟ ನಡೆದಿದ್ದಾಗಲೇ ಯೂಟಾ ಜಾಝ್ ತಂಡದ ರೂಡಿ ಗೋಬೆರ್ ಅವರಿಗೆ ಕೊರೊನಾ ಸೋಂಕು ದೃಢಪಟ್ಟು, ಲೀಗ್ ತನ್ನ ಋತುವನ್ನೇ ನಿಲ್ಲಿಸಿದ ಸುದ್ದಿ ಹಬ್ಬಿತು. ಹೆಚ್ಚುವರಿ ಅವಧಿಯ ಕೊನೆಯ ಸೆಕೆಂಡುಗಳು; ಹಾಕ್ಸ್ ಸೋಲು ಖಚಿತವಾಗಿತ್ತು. ಪ್ರೇಕ್ಷಕರು ಕಾರ್ಟರ್ ಹೆಸರು ಕೂಗತೊಡಗಿದರು. ಕೋಚ್ ಲಾಯ್ಡ್ ಪಿಯರ್ಸ್ ಬೆಂಚಿನಲ್ಲಿದ್ದ 43ರ ಹಿರಿಯನನ್ನು ಅಂಕಣಕ್ಕೆ ಕಳುಹಿಸಿದರು. ಮೂರು ಅಂಕದ ಗೆರೆಯಾಚೆ ಚೆಂಡು ಕೈಗೆ ಬಂತು, ನಿಕ್ಸ್ ಆಟಗಾರರು ಅಡ್ಡ ಬರಲಿಲ್ಲ, ಕಾರ್ಟರ್ ಎಸೆದರು, ಚೆಂಡು ಬುಟ್ಟಿಗೆ ಬಿತ್ತು. ಫಲಿತಾಂಶ 136-131, ಗೆದ್ದದ್ದು ನಿಕ್ಸ್. ಬೀಳ್ಕೊಡುಗೆ ಭಾಷಣವಿಲ್ಲ, ಊರೂರು ಸುತ್ತುವ ವಿದಾಯ ಯಾತ್ರೆಯಿಲ್ಲ. ಅಧಿಕೃತ ಘೋಷಣೆ ಜೂನ್ 25ರಂದು ಬಂತು. ಅಷ್ಟರಲ್ಲಿ ಜಗತ್ತಿನ ಗಮನ ಬೇರೆಡೆ ಇತ್ತು.

ಆ ದಿನಗಳಲ್ಲಿ ಪಂದ್ಯಗಳೇ ಇರಲಿಲ್ಲವಾದ್ದರಿಂದ ಡೆಸ್ಕ್‌ಗೆ ಜಾಗಕ್ಕೂ ಬರವಿರಲಿಲ್ಲ, ಸಮಯಕ್ಕೂ ಬರವಿರಲಿಲ್ಲ. ಅಭಿಮಾನಿಗಳು ಹೇಳಿದ್ದನ್ನೆಲ್ಲ ಕೂತು ಓದಿದೆ. ಓದಿದಂತೆ ಒಂದು ವಿಷಯ ಕಣ್ಣಿಗೆ ಬಿತ್ತು: ಅವರು ಮಾತನಾಡುತ್ತಿದ್ದುದು ಬೇರೆ ಬೇರೆ ಕಾರ್ಟರ್‌ಗಳ ಬಗ್ಗೆ.

ಒಬ್ಬ, 2000ದ ಫೆಬ್ರುವರಿಯಲ್ಲಿ ಓಕ್‌ಲ್ಯಾಂಡ್‌ನ ಡಂಕ್ ಸ್ಪರ್ಧೆಯ ಕಾರ್ಟರ್. ಮೇಲಕ್ಕೆ ಹಾರಿ, ಚೆಂಡನ್ನು ಬುಟ್ಟಿಯೊಳಗೆ ತುರುಕಿ, ಮೊಣಕೈವರೆಗೂ ತೋಳನ್ನು ಕಬ್ಬಿಣದ ಬಳೆಯೊಳಗೆ ಇಳಿಸಿ, ಆ ಮೊಣಕೈ ಬಲದಲ್ಲೇ ಒಂದು ಕ್ಷಣ ನೇತಾಡಿದರು. ಆಗ ಮಕ್ಕಳಾಗಿದ್ದವರು ನಿವೃತ್ತಿಯ ಹೊತ್ತಿಗೆ ಮಕ್ಕಳ ತಂದೆ ತಾಯಿಯರಾಗಿದ್ದರು. ಅವರ ಮಾತಿನಲ್ಲಿ ಅಂಕಿಅಂಶ ಇಣುಕುವುದೂ ಇಲ್ಲ. ಅದೇ ವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್‌ನ ಏಳಡಿಗೂ ಮಿಗಿಲಾದ ಫ್ರೆಡೆರಿಕ್ ವೈಸ್ ತಲೆಯ ಮೇಲಿಂದಲೇ ಹಾರಿ ಹಾಕಿದ ಡಂಕ್ ಇವರಿಗೆ ಕಂಠಪಾಠ.

ಇನ್ನೊಬ್ಬ, ಡಲ್ಲಾಸ್ ತಂಡಕ್ಕೆ ಬಂದ ಮೇಲಿನ ಕಾರ್ಟರ್. ಈ ಗುಂಪಿನ ಅಭಿಮಾನಿಗಳು ಹಾರಾಟದ ದಿನಗಳನ್ನು ನೇರವಾಗಿ ಕಂಡವರಲ್ಲ. ಅವರು ಕಂಡದ್ದು ಬೆಂಚಿನಿಂದ ಎದ್ದು ಬಂದು, ಮೂಲೆಯಲ್ಲಿ ನಿಂತು ಮೂರು ಅಂಕದ ಎಸೆತ ಹಾಕಿ, ಎದುರಾಳಿಯನ್ನು ತಡೆದು, ಮತ್ತೆ ಬೆಂಚಿಗೆ ಮರಳುವ ಹಿರಿಯನನ್ನು. ಚಾಂಪಿಯನ್ನರನ್ನು ನಿರ್ಧರಿಸುವ ಋತುವಿನ ಕೊನೆಯ ಹಂತವಾದ ಪ್ಲೇಆಫ್‌ನಲ್ಲಿ, 2014ರಂದು, ಸ್ಯಾನ್ ಆಂಟೋನಿಯೊ ವಿರುದ್ಧ ಮೂಲೆಯಿಂದ ಕೊನೆಯ ಕ್ಷಣದಲ್ಲಿ ಪಂದ್ಯ ಗೆಲ್ಲಿಸಿದ ಎಸೆತ ಇವರ ಆಸ್ತಿ. ವಯಸ್ಸಾದ ಮೇಲೆ ಬಲಿಷ್ಠ ತಂಡ ಸೇರಿ ಚಾಂಪಿಯನ್ನರಿಗೆ ಕೊಡುವ ಉಂಗುರ ಗಿಟ್ಟಿಸಿಕೊಳ್ಳುವ ದಾರಿ ಎನ್‌ಬಿಎಯಲ್ಲಿ ಹೊಸದೇನಲ್ಲ. ಕಾರ್ಟರ್ ಕೊನೆಯ ಮೂರು ಋತುಗಳನ್ನು ಸ್ಯಾಕ್ರಮೆಂಟೊ ಮತ್ತು ಅಟ್ಲಾಂಟಾದಲ್ಲಿ ಕಳೆದರು. ಎರಡೂ ಸೋಲುತ್ತಿದ್ದ ತಂಡಗಳು, ಸುತ್ತ ಇಪ್ಪತ್ತರ ಹುಡುಗರು. ಕೊನೆಯ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ ಐದು ಅಂಕ. ನಮ್ಮ ಕಡತ ಇದನ್ನು ಇಳಿಮುಖ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಈ ಗುಂಪಿನ ಅಭಿಮಾನಿಗಳಿಗೆ ಅವರ ವೃತ್ತಿಯ ತಿರುಳು ಇರುವುದೇ ಇಲ್ಲಿ.

ಮೂರನೆಯದು ಟೊರಾಂಟೊ. ನಾನು ಹೇಳಹೊರಟಿದ್ದು ಈ ಊರಿನ ಬಗ್ಗೆಯೇ.

1998ರಲ್ಲಿ ಕಾರ್ಟರ್ ಬಂದಾಗ ಅಲ್ಲಿನ ರ‍್ಯಾಪ್ಟರ್ಸ್ ತಂಡಕ್ಕೆ ಮೂರು ವರ್ಷ ತುಂಬಿತ್ತಷ್ಟೆ. ಐಸ್ ಹಾಕಿಯ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್‌ಗೆ ಜನ ಸೇರಿಸುವುದು ಸುಲಭವಿರಲಿಲ್ಲ. ಕೆನಡಾದ ಇನ್ನೊಂದು ತಂಡ ವ್ಯಾಂಕೂವರ್ ಗ್ರಿಜ್ಲೀಸ್ 2001ರಲ್ಲಿ ಗಂಟುಮೂಟೆ ಕಟ್ಟಿ ಮೆಂಫಿಸ್‌ಗೆ ಹೋಯಿತು, ರ‍್ಯಾಪ್ಟರ್ಸ್ ಉಳಿಯಿತು. ಉಳಿದದ್ದರಲ್ಲಿ ಕಾರ್ಟರ್ ಪಾಲು ದೊಡ್ಡದು ಎನ್ನುವುದನ್ನು ಅವರನ್ನು ಬೈಯುವವರೂ ಒಪ್ಪುತ್ತಾರೆ. ಅದೇ 2001ರ ಮೇ 20ರ ಬೆಳಿಗ್ಗೆ ಅವರು ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕೆ ಹೋಗಿ ಪದವಿ ಪಡೆದು, ವಿಮಾನ ಹತ್ತಿ ಫಿಲಡೆಲ್ಫಿಯಾ ತಲುಪಿ, ಪ್ಲೇಆಫ್ ಸರಣಿಯ ನಿರ್ಣಾಯಕ ಏಳನೇ ಪಂದ್ಯ ಆಡಿದರು. ಕೊನೆಯ ಎಸೆತ ಅವರದೇ. ಬೀಳಲಿಲ್ಲ. 88-87ರ ಸೋಲು. ಓದಿಗೆ ಕೊಟ್ಟ ಬೆಲೆ ಎಂದು ಒಬ್ಬರು ಮೆಚ್ಚುತ್ತಾರೆ, ಆ ದಿನವೇ ಆಗಬೇಕಿತ್ತೇ ಎಂದು ಇನ್ನೊಬ್ಬರು ಇಂದಿಗೂ ಕೇಳುತ್ತಾರೆ.

ಆಮೇಲೆ ಗಾಯಗಳು, ತಂಡದ ಆಡಳಿತದೊಂದಿಗೆ ಮನಸ್ತಾಪ, 2004ರ ಡಿಸೆಂಬರ್‌ನಲ್ಲಿ ನ್ಯೂಜೆರ್ಸಿ ನೆಟ್ಸ್‌ಗೆ ವರ್ಗಾವಣೆ. ಹೋಗುವ ಮುನ್ನ ಆ ಋತುವಿನಲ್ಲಿ ಟೊರಾಂಟೊಗೆ ಆಡಿದ ಪಂದ್ಯಗಳಲ್ಲಿ ಸರಾಸರಿ 15.9 ಅಂಕ. ಅದೇ ಋತುವಿನಲ್ಲಿ ನೆಟ್ಸ್‌ಗೆ ಆಡಿದಾಗ 27.5. ಅಂಕಿಅಂಶಕ್ಕೆ ನಾಲಿಗೆ ಬರುವುದು ಇಂಥ ಕಡೆ. ಹಿಂದಿನ ವರ್ಷಗಳಲ್ಲಿ ತಾನು ಸದಾ ಪೂರ್ತಿ ಶ್ರಮ ಹಾಕಿರಲಿಲ್ಲ ಎಂಬರ್ಥದ ಮಾತು ಕಾರ್ಟರ್ ಅವರ ಸಂದರ್ಶನದಲ್ಲೇ ಬಂದಾಗ ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಅಲ್ಲಿಂದ ಸುಮಾರು ಹತ್ತು ವರ್ಷ ಟೊರಾಂಟೊಗೆ ಬಂದಾಗಲೆಲ್ಲ ಚೆಂಡು ಅವರ ಕೈಗೆ ಬಂದರೆ ಸಾಕು, ಇಡೀ ಕ್ರೀಡಾಂಗಣ ಕೂಗಿ ಗೇಲಿ ಮಾಡುತ್ತಿತ್ತು.

2014ರ ನವೆಂಬರ್ 19ರಂದು ಅವರು ಮೆಂಫಿಸ್ ಜೆರ್ಸಿಯಲ್ಲಿ ಅಲ್ಲಿಗೆ ಬಂದರು. ಮೊದಲ ಕ್ವಾರ್ಟರ್‌ನ ವಿರಾಮದಲ್ಲಿ ಅವರ ಹಳೆಯ ದಿನಗಳ ವಿಡಿಯೊ ದೊಡ್ಡ ಪರದೆಯಲ್ಲಿ ಓಡಿತು. ಬೈಗುಳ ಏಳಬಹುದೆಂದು ಕಾದಿದ್ದವರ ಕಣ್ಣೆದುರೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಕಾರ್ಟರ್ ಕಣ್ಣೊರೆಸಿಕೊಂಡರು. ಟೊರಾಂಟೊದ ಅಭಿಮಾನಿಗಳು ನಿವೃತ್ತಿಯ ದಿನ ಬರೆದುಕೊಂಡಿದ್ದರಲ್ಲಿ ನನ್ನನ್ನು ಹಿಡಿದಿಟ್ಟದ್ದು ಈ ರಾತ್ರಿಯ ಪ್ರಸ್ತಾಪಗಳು. ಕ್ಷಮಿಸಿದ್ದೇವೆ ಎಂದು ಹೇಳಿದವರು ಕಡಿಮೆ. ಅಂದು ತಮಗೆ ಅಷ್ಟು ಸಿಟ್ಟು ಬಂದದ್ದು ಏಕೆ ಎಂದು ತಮ್ಮನ್ನೇ ವಿಚಾರಿಸಿಕೊಂಡವರು ಹೆಚ್ಚು. ಬಿಟ್ಟುಹೋದದ್ದಕ್ಕಿಂತ, ಹೋಗುವ ಮುನ್ನ ಮನಸ್ಸಿಟ್ಟು ಆಡಲಿಲ್ಲ ಎಂಬುದು ಅವರನ್ನು ನೋಯಿಸಿತ್ತು. ಹೊಗಳುವ ಅಭಿಮಾನಿ ಡಂಕ್ ಒಂದನ್ನೇ ಹೇಳಿ ನಿಲ್ಲುತ್ತಾನೆ. ಮುನಿದ ಅಭಿಮಾನಿ ತಾರೀಖು, ತಂಡ, ಎಸೆತ ಎಲ್ಲವನ್ನೂ ಹೇಳುತ್ತಾನೆ, ಏಕೆಂದರೆ ಅವನು ವರ್ಷಗಟ್ಟಲೆ ತನ್ನೊಳಗೆ ವಾದ ನಡೆಸಿರುತ್ತಾನೆ.

ಡೆಸ್ಕ್‌ನಲ್ಲಿ ಇದರಿಂದ ಕೆಲಸದ ಕ್ರಮವೇ ಬದಲಾಯಿತು. ವಿದಾಯದ ಪುಟಕ್ಕೆ ಪ್ರತಿಕ್ರಿಯೆಗಳು ಬಂದಾಗ ಸಿಡುಕಿನವನ್ನು ಮೊದಲು ಬೇರ್ಪಡಿಸುತ್ತೇನೆ. ಬರೀ ಬೈಗುಳವನ್ನು ಪಕ್ಕಕ್ಕಿಟ್ಟು, ಕಾರಣ ಕೊಟ್ಟು ಬೈದದ್ದನ್ನು ಓದುತ್ತೇನೆ. ಅದರಲ್ಲಿನ ಸಂಗತಿಗಳನ್ನು ದಾಖಲೆಯೊಂದಿಗೆ ತಾಳೆ ನೋಡುತ್ತೇನೆ; ನೆನಪು ಎಷ್ಟೋ ಸಲ ಸರಾಸರಿ ಅಂಕವನ್ನು ಸಿಟ್ಟಿನ ಅಳತೆಗೆ ಹಿಗ್ಗಿಸಿರುತ್ತದೆ. ಆಮೇಲೆ ಕಡತಕ್ಕೆ ಬರುತ್ತೇನೆ. ಸಾರ್ವಕಾಲಿಕ ಶ್ರೇಷ್ಠರಲ್ಲಿ ಎಷ್ಟನೆಯವರು ಎಂಬ ಪಟ್ಟಿ ಕೇಳಿದರೆ ಜಾಗವಿಲ್ಲ ಎನ್ನುತ್ತೇನೆ. ಪುಟ ಖಾಲಿ ಇದ್ದಾಗಲೂ.

ಮೇಲಿನವರಿಂದ ಆಕ್ಷೇಪ ಬಂದೇ ಬರುತ್ತದೆ: ಒಳ್ಳೆಯ ದಿನ, ಹಳೆಯದನ್ನು ಏಕೆ ಕೆದಕುವುದು? ನನ್ನ ಉತ್ತರ ಇಷ್ಟೆ. ಜಗಳವನ್ನು ತೆಗೆದುಹಾಕಿದರೆ 2014ರ ಚಪ್ಪಾಳೆಗೆ ಅರ್ಥವೇ ಇಲ್ಲ. 2024ರಲ್ಲಿ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿದ ಅವರ 15ನೇ ಸಂಖ್ಯೆಯ ಜೆರ್ಸಿಯನ್ನು ರ‍್ಯಾಪ್ಟರ್ಸ್ ಅದೇ ವರ್ಷದ ನವೆಂಬರ್ 2ರಂದು, ಆ ಸಂಖ್ಯೆಯನ್ನು ಇನ್ನಾರಿಗೂ ಕೊಡದಂತೆ, ಕ್ರೀಡಾಂಗಣದಲ್ಲಿ ಶಾಶ್ವತವಾಗಿ ಮೇಲೇರಿಸಿತು, ತಂಡದ ಇತಿಹಾಸದಲ್ಲೇ ಮೊದಲ ಬಾರಿಗೆ. ಆಗಲೂ ತಕರಾರು ಇತ್ತು. 2019ರಲ್ಲಿ ಚಾಂಪಿಯನ್‌ಷಿಪ್ ತಂದುಕೊಟ್ಟ ಕೈಲ್ ಲೌರಿ ಇರುವಾಗ ಮೊದಲ ಗೌರವ ಇವರಿಗೇಕೆ ಎಂದು ಕೇಳಿದವರಿದ್ದರು. ಕೇಳಬೇಕಾದ ಪ್ರಶ್ನೆಯೇ ಅದು. ಪುಟದಲ್ಲಿ ಅದಕ್ಕೂ ಜಾಗ ಕೊಡಿಸಿದೆ.

ಎನ್‌ಬಿಎಯ ಇನ್ನೊಬ್ಬ ತಾರೆ ಲೆಬ್ರಾನ್ ಜೇಮ್ಸ್ ಅವರ ಕಡತವೂ ನಮ್ಮಲ್ಲಿದೆ, ವರ್ಷಕ್ಕೊಮ್ಮೆ ತಿದ್ದುತ್ತಲೇ ಇರುತ್ತೇವೆ. ಇತ್ತೀಚೆಗೆ ಅದನ್ನು ಹೊಸದಾಗಿ ಬಂದ ಉಪಸಂಪಾದಕಿಯೊಬ್ಬರಿಗೆ ಒಪ್ಪಿಸಿದೆ. 2010ರಲ್ಲಿ ಜೇಮ್ಸ್ ಕ್ಲೀವ್‌ಲ್ಯಾಂಡ್ ತಂಡ ಬಿಟ್ಟು ಮಯಾಮಿಗೆ ಹೊರಟಾಗ ಆ ಊರಿನ ಜನ ಅವರ ಜೆರ್ಸಿ ಸುಟ್ಟ ಸಂಗತಿ ಲೇಖನದ ತಳದಲ್ಲಿ, ಪ್ರಶಸ್ತಿಗಳ ಪಟ್ಟಿಗೂ ಕೆಳಗೆ, ಅರ್ಧ ಸಾಲಾಗಿ ಉಳಿದಿತ್ತು. ಆಕೆ ಅದನ್ನು ಎತ್ತಿ ಮೂರನೇ ಪ್ಯಾರಾಕ್ಕೆ ತಂದು, ಜೇಮ್ಸ್ ಮರಳಿ ಬಂದು ಕ್ಲೀವ್‌ಲ್ಯಾಂಡ್‌ಗೆ ತಂದುಕೊಟ್ಟ 2016ರ ಚಾಂಪಿಯನ್‌ಷಿಪ್ ಗೆಲುವಿನ ಪಕ್ಕದಲ್ಲಿ ಇಟ್ಟು ಕಳುಹಿಸಿದರು. ಇಂಟ್ರೊದಲ್ಲಿದ್ದ ‘ಯುಗಪುರುಷ’ನನ್ನು ಹೊಡೆದುಹಾಕಿ ಉಳಿದದ್ದನ್ನು ಹಾಗೆಯೇ ಪಾಸ್ ಮಾಡಿದೆ.