ಜಮಖಂಡಿಯಲ್ಲಿ ಕಂಡ ಕಿತ್ತಳೆ ಗೆರೆ

ನೇರವಾಗಿ ಕೈಗೆ ಸಿಗದ ವಸ್ತುವೊಂದು ಇದೆಯೆಂದು ನಂಬಲು ಎಷ್ಟು ಪುರಾವೆ ಬೇಕು? ವಿಜ್ಞಾನದ ತತ್ತ್ವಶಾಸ್ತ್ರದ ಈ ಹಳೆಯ ಪ್ರಶ್ನೆಯನ್ನು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಹೀಲಿಯಂ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ದಖ್ಖನ್ ಸೀಮೆಯನ್ನು ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕಗಳೊಂದಿಗೆ ಕಾದಿದ್ದರು. ಕಾದ ಅನಿಲದಲ್ಲಿ ಪ್ರತಿ ಮೂಲವಸ್ತುವೂ ತನ್ನದೇ ಆದ ಬಣ್ಣದ ಗೆರೆಗಳನ್ನು ಮೂಡಿಸುತ್ತದೆ; ಗೆರೆ ನೋಡಿ ವಸ್ತುವನ್ನು ಗುರುತಿಸಬಹುದು. ಮೋಡಗಳ ಕಾಟದ ನಡುವೆಯೂ ಹರ್ಷೆಲ್ಲರಿಗೆ ಸೂರ್ಯನ ಅಂಚಿನ ಜ್ವಾಲೆಯಲ್ಲಿ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಕಂಡವು. ಕಿತ್ತಳೆಯದು ಸೋಡಿಯಂನ ಗೆರೆಯೆಂದು ಅವರು ಬಗೆದರು. ಸೋಡಿಯಂನ ಜೋಡಿಗೆರೆಯ ತರಂಗಾಂತರ ಸುಮಾರು 589 ನ್ಯಾನೊಮೀಟರ್, ಇದು ಇದ್ದದ್ದು 587.6ರಲ್ಲಿ. ಅವರ ಉಪಕರಣಕ್ಕೆ ಆ ಅಂತರ ನಿಲುಕುವಂತಿರಲಿಲ್ಲವಾದ್ದರಿಂದ, ಆಗ ಪರಿಚಿತವಾಗಿದ್ದ ಗೆರೆಯ ಹೆಸರೇ ಇದಕ್ಕೂ ಬಂತು. ವೀಕ್ಷಣೆಯೊಳಗೆ ಪೂರ್ವಜ್ಞಾನ ಬೆರೆತಿರುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿದಿಲ್ಲ, ಅದೂ ನಮ್ಮ ಜಮಖಂಡಿಯಲ್ಲೇ!

ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಲಾಕ್ಯರ್ ಗ್ರಹಣವಿಲ್ಲದೆಯೇ ಈ ಗೆರೆಯನ್ನು ಅಳೆದು, ಅದು ಸೋಡಿಯಂನದಲ್ಲವೆಂದು ಕಂಡುಕೊಂಡರು. ಮುಂದೆ ಅದು ಹೊಸ ಮೂಲವಸ್ತುವಿನದೆಂಬ ನಿಲುವಿಗೆ ಬಂದರು; ಆ ವಸ್ತುವೇ ಹೀಲಿಯಂ. ಆದರೆ ಇನ್ನೊಂದು ವಿವರಣೆಯೂ ಸಾಧ್ಯವಿತ್ತು: ಹೈಡ್ರೋಜನ್ನೇ ಭೂಮಿಯ ಮೇಲಿಲ್ಲದ ಸ್ಥಿತಿಯಲ್ಲಿ ಈ ಗೆರೆಯನ್ನು ಮೂಡಿಸುತ್ತಿರಬಹುದು. ಪ್ರಯೋಗಾಲಯದ ಹೈಡ್ರೋಜನ್ ಆ ಗೆರೆಯನ್ನು ಕೊಡಲಿಲ್ಲ, ನಿಜ. ಸೂರ್ಯನಲ್ಲಿರುವ ಸ್ಥಿತಿ ಪ್ರಯೋಗಾಲಯದಲ್ಲಿ ಇರಲಿಲ್ಲವೆಂಬುದೂ ಅಷ್ಟೇ ನಿಜ. 1895ರಲ್ಲಿ ರಸಾಯನವಿಜ್ಞಾನಿ ರಾಮ್ಸೆ ಯುರೇನಿಯಂ ಖನಿಜವೊಂದರಿಂದ ಹೊರಬಂದ ಅನಿಲದಲ್ಲಿ ಅದೇ ಗೆರೆಯನ್ನು ಕಂಡಾಗ ವಾದ ಮುಗಿಯಿತು.

ಕಥೆ ಇಲ್ಲಿಗೇ ನಿಂತಿದ್ದರೆ ಲಾಕ್ಯರರ ತರ್ಕವನ್ನು ಕೊಂಡಾಡಿ ಸುಮ್ಮನಾಗಬಹುದಿತ್ತು. ಆದರೆ ಅದೇ ತರ್ಕದಿಂದ ಬಾನಿನ ಅನಿಲಮೋಡಗಳಾದ ನೀಹಾರಿಕೆಗಳ ಹಸಿರು ಗೆರೆಗಳಿಗೆ 'ನೆಬ್ಯುಲಿಯಂ', 1869ರ ಗ್ರಹಣದಲ್ಲಿ ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ಕಂಡ ಹಸಿರು ಗೆರೆಗೆ 'ಕರೋನಿಯಂ' ಎಂಬ ಮೂಲವಸ್ತುಗಳನ್ನೂ ಕಲ್ಪಿಸಲಾಯಿತು. ಮೊದಲನೆಯದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವೆಂದು 1927ರಲ್ಲಿ ಭೌತವಿಜ್ಞಾನಿ ಬೋವೆನ್ ತೋರಿಸಿದರು. ಎರಡನೆಯದು ಹದಿಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಬ್ಬಿಣವೆಂದೂ, ಅದಕ್ಕೆ ಹತ್ತು ಲಕ್ಷ ಡಿಗ್ರಿಯ ಆಸುಪಾಸಿನ ತಾಪ ಬೇಕೆಂದೂ 1940ರ ದಶಕದ ಆರಂಭದ ಹೊತ್ತಿಗೆ ಸ್ಪಷ್ಟವಾಯಿತು. ಹೀಲಿಯಂನ ವಿಷಯದಲ್ಲಿ ಸೋತ 'ಪರಿಚಿತ ವಸ್ತು, ಅಪರಿಚಿತ ಸ್ಥಿತಿ' ಎಂಬ ವಿವರಣೆ ಈ ಎರಡು ಕಡೆಯೂ ಗೆದ್ದಿತು.

ಅತ್ಯುತ್ತಮ ವಿವರಣೆಯೇ ಸತ್ಯ ಎಂಬ ಸೂತ್ರವನ್ನು ನಾನು ಅನುಮಾನಿಸುವುದು ಇದಕ್ಕಾಗಿಯೇ. ಮೂರು ಪ್ರಕರಣಗಳಲ್ಲೂ ತರ್ಕದ ರೂಪ ಒಂದೇ ಆಗಿದ್ದರಿಂದ ಅದನ್ನಷ್ಟೇ ನೋಡಿ ಸರಿತಪ್ಪುಗಳನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ. ಬೇರ್ಪಡಿಸಿದ್ದು ಬೇರೆ ದಾರಿಯಿಂದ ಬಂದ ಪುರಾವೆ: ಹೀಲಿಯಂಗೆ ಗಾಜಿನ ನಳಿಕೆಯ ಅನಿಲ, ಉಳಿದೆರಡಕ್ಕೆ, 1913ರ ನಂತರ, ಮೂಲವಸ್ತುಗಳನ್ನು ಒಂದು, ಎರಡು, ಮೂರು ಎಂದು ಸಾಲಾಗಿ ಜೋಡಿಸಿದ ಭೌತವಿಜ್ಞಾನಿ ಮೋಸ್ಲಿಯ ಪರಮಾಣು ಸಂಖ್ಯೆಗಳು. ಆ ಸಾಲಿನಲ್ಲಿ ಹಗುರ ಮೂಲವಸ್ತುವೊಂದಕ್ಕೆ ಖಾಲಿ ಜಾಗವೇ ಉಳಿದಿರಲಿಲ್ಲ. ಹಾಗಾದರೆ 1895ಕ್ಕೆ ಮೊದಲು ಲಾಕ್ಯರ್ ಹೀಲಿಯಂ ಇದೆಯೆಂದು 'ತಿಳಿದಿದ್ದರೇ'? ಸಕಾರಣವಾಗಿ ನಂಬಿದ್ದರು ಎಂದಷ್ಟೇ ಹೇಳಲು ನಾನು ಸಿದ್ಧ. ಕರೋನಿಯಂ ಇದೆಯೆಂದವರಿಗೂ ಅಷ್ಟೇ ಕಾರಣವಿತ್ತು.